ಶರೀಫಜ್ಜ ಮರಳಿ ಬಂದ ದಾರಿ

ಹಾವೇರಿ ಜಿಲ್ಲೆಯಲ್ಲಿ ಯಾರನ್ನಾದರೂ ನಿಲ್ಲಿಸಿ 'ರಾಕ್' ಎಲ್ಲಿದೆ ಎಂದು ಕೇಳಿದರೆ ಗೊಟಗೋಡಿಯ ರಾಕ್ ಗಾರ್ಡನ್ನಿಗೆ ದಾರಿ ತೋರಿಸುವವರೇ ಹೆಚ್ಚು. ಶಿಗ್ಗಾವಿ ತಾಲ್ಲೂಕಿನ ಆ ತೋಟದಲ್ಲಿ ಎತ್ತು, ಬಂಡಿ, ಬೀಸುವ ಕಲ್ಲು, ಬುತ್ತಿ ಹೊತ್ತ ಹೆಣ್ಣುಮಕ್ಕಳು, ಎಲ್ಲರೂ ಮೂರ್ತಿಗಳಾಗಿ ನಿಂತಿದ್ದಾರೆ. ಹಳ್ಳಿಯ ಬದುಕು ಹಳ್ಳಿಯಲ್ಲಿ ಕಾಣೆಯಾಗುತ್ತಿರುವ ಹೊತ್ತಿಗೆ ಅದನ್ನು ತೋಟದಲ್ಲಿ ನಿಲ್ಲಿಸಿದ್ದಾರೆ. ನೋಡಲು ಚೆಂದ. ಆದರೆ ಅಲ್ಲಿನ ಹೆಂಗಸು ಬೀಸುವ ಪದ ಹಾಡುವುದಿಲ್ಲ.

ನಾವು ಇಲ್ಲಿ ಬರೆಯಹೊರಟಿರುವುದು ಇನ್ನೊಂದು ರಾಕ್ ಕುರಿತು. ಗಿಟಾರು, ಡ್ರಮ್ಮು, ಧ್ವನಿವರ್ಧಕಗಳ ಅಬ್ಬರದ ರಾಕ್ ಸಂಗೀತ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಿಗೂ ಅದಕ್ಕೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿದೆ. ಗೊಟಗೋಡಿ ಇರುವ ಶಿಗ್ಗಾವಿ ತಾಲ್ಲೂಕಿನದೇ ಇನ್ನೊಂದು ಹಳ್ಳಿ ಶಿಶುವಿನಹಾಳ. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಶರೀಫ ಸಾಹೇಬರು ಕಟ್ಟಿದ 'ಗುಡುಗುಡಿ'ಯ ಪದ 2008ರಲ್ಲಿ ಒಂದು ರಾಕ್ ತಂಡದ ಆಲ್ಬಮ್ಮಿನಲ್ಲಿ ಬಂತು. 'ಲೋಕದ ಕಾಳಜಿ' 2013ರಲ್ಲಿ ಅದೇ ತಂಡದ ಎರಡನೆಯ ಆಲ್ಬಮ್ಮಿನಲ್ಲಿ ಬಂತು. ಕನ್ನಡದ ಒಂದಕ್ಷರ ಬಾರದ ಊರುಗಳಲ್ಲಿ ಹರೆಯದವರು ಆ ಹಾಡುಗಳಿಗೆ ಕುಣಿದರು. ಶರೀಫಜ್ಜ ಎಲ್ಲಿಂದ ಎಲ್ಲಿಗೆ ಹೋದ, ಯಾವ ದಾರಿಯಲ್ಲಿ ಮರಳಿ ಬಂದ, ಬರುವಾಗ ದಾರಿಯಲ್ಲಿ ಏನನ್ನು ಬಿಟ್ಟು ಬಂದ ಎಂಬುದು ನಮ್ಮ ಪ್ರಶ್ನೆ.

ಪಾಶ್ಚಾತ್ಯ ಸಂಗೀತದಲ್ಲಿ 'ಆಲ್ಟರ್ನೇಟಿವ್ ರಾಕ್' ಎಂಬ ಒಂದು ಕವಲು ಇದೆ. ದೊಡ್ಡ ಕಂಪನಿಗಳ ಸಿದ್ಧ ಮಾಲು ಬೇಡವೆಂದು 1980ರ ದಶಕದಲ್ಲಿ ಸಣ್ಣ ಕಂಪನಿಗಳು, ಕಾಲೇಜು ರೇಡಿಯೋಗಳ ಆಸರೆಯಲ್ಲಿ ಬೆಳೆದ ಸಂಗೀತ ಅದು. 1991ರಲ್ಲಿ ನಿರ್ವಾಣ ಎಂಬ ತಂಡದ 'ನೆವರ್‌ಮೈಂಡ್' ಆಲ್ಬಮ್ ಬಂದ ಮೇಲೆ ಆ ಪರ್ಯಾಯವೇ ಪೇಟೆಯ ಮುಖ್ಯ ಸರಕಾದದ್ದು ಬೇರೆ ಮಾತು. ಈ ತಂಡಗಳ ಕಥೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಅಧ್ಯಾಯ ಮರುಬರುವಿಕೆಯದು, ಅವರ ಭಾಷೆಯಲ್ಲಿ 'ಕಂಬ್ಯಾಕ್ ಆಲ್ಬಮ್'. ಆಲಿಸ್ ಇನ್ ಚೈನ್ಸ್ ಎಂಬ ತಂಡ 1995ರಲ್ಲಿ ಆಲ್ಬಮ್ ತಂದಿತು. 2002ರಲ್ಲಿ ಅದರ ಗಾಯಕ ತೀರಿಕೊಂಡ. ಎಲ್ಲ ಮುಗಿಯಿತು ಎಂದುಕೊಂಡವರಿಗೆ 2009ರಲ್ಲಿ ಹೊಸ ಗಾಯಕನೊಂದಿಗೆ ಹೊಸ ಆಲ್ಬಮ್ ಕೇಳಿಸಿತು. ಮೈ ಬ್ಲಡಿ ವ್ಯಾಲಂಟೈನ್ ಎಂಬ ಇನ್ನೊಂದು ತಂಡ 1991ರ ನಂತರ ಮೌನವಾಗಿ, 2013ರಲ್ಲಿ, ಅಂದರೆ ಇಪ್ಪತ್ತೆರಡು ವರ್ಷದ ಮೇಲೆ ಮುಂದಿನ ಆಲ್ಬಮ್ ಹೊರತಂದಿತು. ಹೀಗೆ ಬಂದಾಗಲೆಲ್ಲ ಕೇಳುಗರ ಪ್ರಶ್ನೆ ಒಂದೇ: ಮರಳಿ ಬಂದವರು ಹೋದವರೇ ಹೌದೇ?

ನಮ್ಮ ಪ್ರಾಂತದ್ದೇ ಉದಾಹರಣೆ ಬೇಕೆಂದರೆ ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರು ಇದ್ದಾರೆ. ಹರೆಯದಲ್ಲೇ ಹೆಸರು ಮಾಡಿದ ಗಾಯಕನಿಗೆ ಕ್ಷಯ ತಗುಲಿತು. ದೇವಾಸದಲ್ಲಿ ಹಾಸಿಗೆ ಹಿಡಿದು ವರ್ಷಗಟ್ಟಲೆ ಹಾಡುವಂತಿರಲಿಲ್ಲ. ಆ ಮೌನದಲ್ಲಿ ಅವರ ಕಿವಿಗೆ ಬಿದ್ದದ್ದು ಮಾಳವ ಸೀಮೆಯ ಹಳ್ಳಿಗರ ಹಾಡು. ಎದ್ದು ಕೂತು ಮತ್ತೆ ಹಾಡಿದಾಗ ಆ ದನಿ ಬೇರೆಯಾಗಿತ್ತು. ಕಬೀರನ ನಿರ್ಗುಣ ಪದಗಳು ಸಂಗೀತ ಕಚೇರಿಯೊಳಗೆ ಗೌರವದ ಜಾಗ ಪಡೆದದ್ದರಲ್ಲಿ ಆ ದನಿಯ ಪಾಲು ದೊಡ್ಡದು. ಮರಳಿ ಬಂದವನು ಹೋದವನಲ್ಲ, ಆದರೆ ಬರುವಾಗ ಇನ್ನೊಬ್ಬರನ್ನು ಕೈಹಿಡಿದು ಕರೆತಂದಿದ್ದ. ಶರೀಫರ ವಿಷಯದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ.

ಬಾಯಿಂದ ಬಾಯಿಗೆ

ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ತಂದೆ ಇಮಾಮ ಸಾಹೇಬರು, ತಾಯಿ ಹಜ್ಜೂಮಾ. ಮಕ್ಕಳಿಲ್ಲದ ದಂಪತಿಗಳು ಹುಲಗೂರಿನ ಖಾದರಿ ದರ್ಗಾಕ್ಕೆ ಹರಕೆ ಹೊತ್ತು ಪಡೆದ ಮಗ ಎಂದು ಜನ ಹೇಳುತ್ತಾರೆ. ಮುಲ್ಕಿ ಪರೀಕ್ಷೆ ಪಾಸಾಗಿ ಶಾಲಾ ಮಾಸ್ತರರಾಗಿ, ಆ ನೌಕರಿಯನ್ನು ಬಿಟ್ಟು, ಕಳಸದ ಗೋವಿಂದಭಟ್ಟರ ಶಿಷ್ಯರಾದರು. ಬ್ರಾಹ್ಮಣ ಗುರುವಿಗೆ ಮುಸಲ್ಮಾನ ಶಿಷ್ಯ. ಎರಡೂ ಕಡೆಯವರು ಹುಬ್ಬು ಗಂಟಿಕ್ಕಿದರು. ಮದುವೆಯಾದ ಹೆಂಡತಿ ಫಾತಿಮಾ, ಹುಟ್ಟಿದ ಹೆಣ್ಣುಕೂಸು ಇಬ್ಬರೂ ತೀರಿಕೊಂಡ ಮೇಲೆ ಶರೀಫರಿಗೆ ಊರೂರು ಸುತ್ತುವುದೇ ಸಂಸಾರವಾಯಿತು. ನವಲಗುಂದದ ನಾಗಲಿಂಗಸ್ವಾಮಿ, ಗರಗದ ಮಡಿವಾಳಪ್ಪ ಇವರೆಲ್ಲ ಆ ಕಾಲದ, ಆ ಬಳಗದ ಜನ. ಶರೀಫರು ಸತ್ತಾಗ ಎರಡೂ ಪದ್ಧತಿಯವರು ಕೂಡಿ ಮಣ್ಣು ಮಾಡಿದರು ಎಂಬುದನ್ನು ಶಿಶುವಿನಹಾಳದ ಗದ್ದುಗೆ ಇಂದಿಗೂ ಹೇಳುತ್ತದೆ.

ಶರೀಫರು ಹಾಡಿದರು, ಕೇಳಿದವರು ಹಾಡಿದರು. ಭಜನಾ ಮೇಳಗಳು ಹಾಡಿದವು. ಒಬ್ಬ ಎತ್ತಿಕೊಡುತ್ತಾನೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಏಕತಾರಿ, ದಮ್ಮಡಿ, ತಾಳ ಇಷ್ಟಿದ್ದರೆ ಸಾಕು. ಒಂದೂರಿನಲ್ಲಿ ಒಂದು ಮಾತು ಬಿದ್ದರೆ ಇನ್ನೊಂದೂರಿನಲ್ಲಿ ಒಂದು ಮಾತು ಸೇರುತ್ತದೆ. ಮುಂದೆ ಇವನ್ನು ಸಂಗ್ರಹಿಸಿ ಅಚ್ಚು ಹಾಕಿದವರ ಪುಸ್ತಕಗಳಲ್ಲಿ ಪಾಠಭೇದಗಳಿರುವುದು ಆ ಕಾರಣಕ್ಕೆ. ಅದು ದೋಷವಲ್ಲ. ಒಂದು ಹಾಡು ಜೀವಂತವಾಗಿತ್ತು ಎಂಬುದಕ್ಕೆ ಅದೇ ಸಾಕ್ಷಿ.

ಈ ಪದಗಳು ನೆಲದಿಂದ ಎದ್ದವು ಎಂಬುದನ್ನು ಮರೆಯಬಾರದು. ಮನೆಯ ಮಾಳಿಗೆ ಸೋರುವ ಪದವನ್ನು ತೆಗೆದುಕೊಳ್ಳಿ. ನಮ್ಮ ಕಡೆಯ ಹಳೆಯ ಮನೆಗಳಿಗೆ ಹಂಚಿಲ್ಲ. ತೊಲೆ, ಜಂತಿ, ಅದರ ಮೇಲೆ ಮಣ್ಣು ಹೊಡೆದ ಮಟ್ಟಸ ಮಾಳಿಗೆ. ವರ್ಷಕ್ಕೊಮ್ಮೆ ಮೇಲೆ ಹತ್ತಿ ಮಣ್ಣು ಹಾಕಿ ಬಡಿಯದಿದ್ದರೆ ಮುಂಗಾರಿನಲ್ಲಿ ಮನೆತುಂಬ ಬೋಗುಣಿ ಇಡಬೇಕು. ಹಾವೇರಿಯ ರೈತನಿಗೆ ಅಜ್ಞಾನವೆಂದರೇನು ಎಂದು ವೇದಾಂತಿ ವಿವರಿಸಬೇಕಿರಲಿಲ್ಲ. ಮಾಳಿಗೆ ಸೋರುವುದೆಂದರೆ ಅವನಿಗೆ ತಿಳಿಯುತ್ತದೆ. ಇಂದು ಹಳ್ಳಿಯಲ್ಲೂ ಸಿಮೆಂಟಿನ ಛಾವಣಿ ಬಂದಿದೆ. ಹಾಡು ಉಳಿದಿದೆ, ಮಾಳಿಗೆ ಹೋಗಿದೆ.

ಇನ್ನೊಂದು ಸಂಗತಿ. ಶರೀಫರು ಹಳೆಯದನ್ನೇ ಅಪ್ಪಿಕೊಂಡು ಕೂತವರಲ್ಲ. ಹುಬ್ಬಳ್ಳಿಗೆ ಗಿರಣಿ ಬಂದಾಗ ಬೆರಗಾಗಿ ಅದರ ಮೇಲೆ ಪದ ಕಟ್ಟಿದರು. ಆ ಯಂತ್ರದ ಗಾಲಿ, ಪಟ್ಟ, ನೂಲು ಎಲ್ಲವೂ ಅವರಿಗೆ ದೇಹದ, ಲೋಕದ ರೂಪಕವಾಗಿ ಕಂಡವು. ಉಗಿಯ ಯಂತ್ರವನ್ನು ಹಾಡಿನೊಳಗೆ ತಂದ ಅಜ್ಜ ಎಲೆಕ್ಟ್ರಿಕ್ ಗಿಟಾರನ್ನು ಕಂಡು ಮುಖ ತಿರುಗಿಸುತ್ತಿದ್ದ ಎಂದು ನಮಗೇನೂ ಅನ್ನಿಸುವುದಿಲ್ಲ. ಹಾಗಾಗಿ 'ಶರೀಫರ ಪದವನ್ನು ರಾಕ್ ಮಾಡಿ ಕೆಡಿಸಿದರು' ಎಂಬ ಸುಲಭದ ಗೊಣಗಾಟ ನಮ್ಮದಲ್ಲ.

ಕ್ಯಾಸೆಟ್ಟಿನ ಕಾಲ

ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು. ಹಳ್ಳಿಯ ಭಜನೆಯವರು ಮೈಕಿನ ಮುಂದೆ ಕೂತು ಹಾಡುವುದು ಕಲಿತರು. ಆದರೆ ಶರೀಫರನ್ನು ಕೃಷ್ಣಾ ತೀರದಿಂದ ಕಾವೇರಿ ತೀರದವರೆಗೆ ಮನೆಮನೆಗೆ ಮುಟ್ಟಿಸಿದ್ದು ಕ್ಯಾಸೆಟ್ಟು. ಕವಿ ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟರು ಈ ಪದಗಳ ಬೆನ್ನು ಹತ್ತಿ, ಅವನ್ನು ಆಯ್ದು, ಹಾಡುಗಾರರ ಕೈಗಿಟ್ಟರು. ಅವರಿಗೆ 'ಶರೀಫ ಭಟ್ಟ'ರೆಂದೇ ಹೆಸರು ಬಿತ್ತು. ಸಿ. ಅಶ್ವತ್ಥರು ರಾಗ ಹಾಕಿ ತಮ್ಮ ಎದೆತುಂಬಿದ ದನಿಯಲ್ಲಿ ಹಾಡಿದರು. ಶಿವಮೊಗ್ಗ ಸುಬ್ಬಣ್ಣನವರೂ ಹಾಡಿದರು. ಅಶ್ವತ್ಥರು ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರಾಗಿದ್ದವರು. ಅವರ ಬೆನ್ನಿಗೆ ರಂಗಸಂಗೀತವಿತ್ತು, ಭಾವಗೀತೆಯಿತ್ತು. ಉತ್ತರ ಕರ್ನಾಟಕದ ಭಜನೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ಆದರೂ, ಅಥವಾ ಅದಕ್ಕೇ, ಅವರು ಹಾಡಿದ್ದು ಇಡೀ ಕರ್ನಾಟಕಕ್ಕೆ ಒಪ್ಪಿತವಾಯಿತು.

1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರ ಬಂತು. ಶ್ರೀಧರ್ ಶರೀಫರಾದರು, ಗಿರೀಶ ಕಾರ್ನಾಡರು ಗೋವಿಂದಭಟ್ಟರಾದರು, ಸಂಗೀತ ಅಶ್ವತ್ಥರದು. ರಾಷ್ಟ್ರೀಯ ಭಾವೈಕ್ಯದ ಅತ್ಯುತ್ತಮ ಚಿತ್ರವೆಂದು ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಸಂದಿತು. ಆ ವರ್ಷಗಳು ಎಂಥವು ಎಂದು ನೆನಪಿರುವವರಿಗೆ ಇದರ ಬೆಲೆ ಗೊತ್ತು. ಮುಂದೆ ಎರಡೇ ವರ್ಷಕ್ಕೆ, 1992ರ ಡಿಸೆಂಬರಿನಲ್ಲಿ, ಅಯೋಧ್ಯೆಯ ಮಸೀದಿ ಉರುಳಿತು. ಅದೇ ವರ್ಷಗಳಲ್ಲಿ ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಕ್ಯಾಸೆಟ್ ಅಂಗಡಿಯಲ್ಲಿ, ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಚಹಾದ ಗೂಡಂಗಡಿಯಲ್ಲಿ, ಹಾವೇರಿಯಿಂದ ಹೊರಡುವ ಟೆಂಪೋಗಳಲ್ಲಿ ಶರೀಫರ ಪದ ಕೇಳುತ್ತಿತ್ತು. ಮೆಣಸಿನಕಾಯಿಯ ತುಂಬು ಬಿಡಿಸುತ್ತ ಕೂತ ಹೆಣ್ಣುಮಕ್ಕಳು ಅದರೊಂದಿಗೆ ದನಿಗೂಡಿಸುತ್ತಿದ್ದರು. ಹಾಡಿದವರಾರು, ಬರೆದವರಾರು, ಅವನ ಜಾತಿ ಯಾವುದು ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಸಂತೆಯಲ್ಲಿ ಹಾಡು ಮಾಡುವ ಕೆಲಸ ಇದು. ಭಾಷಣ ಮಾಡಿ ಮಾಡಿಸಲಾಗದ್ದು.

2005ರ ಏಪ್ರಿಲಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವತ್ಥರು 'ಕನ್ನಡವೇ ಸತ್ಯ' ಕಾರ್ಯಕ್ರಮ ಮಾಡಿದಾಗ ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದರು. ಸುಗಮ ಸಂಗೀತಕ್ಕೆ ಅಷ್ಟು ಜನ! ಅಶ್ವತ್ಥರು 2009ರ ಡಿಸೆಂಬರ್ 29ರಂದು, ತಮ್ಮ ಹುಟ್ಟುಹಬ್ಬದ ದಿನವೇ ತೀರಿಕೊಂಡರು.

ಆದರೆ ಕ್ಯಾಸೆಟ್ಟು ಕೊಡುವಾಗಲೇ ಕತ್ತರಿಸುತ್ತದೆ. ಅದಕ್ಕೆ ಎರಡು ಮಗ್ಗುಲು, ಒಂದೊಂದು ಮಗ್ಗುಲಿಗೆ ಅರ್ಧ ತಾಸು, ಒಂದೊಂದು ಹಾಡಿಗೆ ಐದಾರು ನಿಮಿಷ. ಅಷ್ಟರೊಳಗೆ ಹಿಡಿಸುವ, ಪಲ್ಲವಿ ಚುರುಕಾಗಿರುವ, ಎಲ್ಲರಿಗೂ ಬೇಕಾಗುವ ಹಾಡುಗಳು ಆಯ್ಕೆಯಾಗುತ್ತವೆ. ಹತ್ತಿಪ್ಪತ್ತು ಪದಗಳು ಸಾವಿರಾರು ಸಲ ಪ್ರತಿಯಾದವು. ನೂರಾರು ಪದಗಳು ಪುಸ್ತಕದಲ್ಲೇ ಉಳಿದವು. ಹಳ್ಳಿಯ ಭಜನೆಯವರು ಕೂಡ ತಮ್ಮ ಅಜ್ಜಂದಿರ ಧಾಟಿ ಬಿಟ್ಟು ಅಶ್ವತ್ಥರ ಧಾಟಿಯಲ್ಲೇ ಹಾಡತೊಡಗಿದರು. ಇದು ಅಶ್ವತ್ಥರ ತಪ್ಪಲ್ಲ. ಅವರ ಗೆಲುವಿನ ಬೆಲೆ.

ಲುಂಗಿ, ಗೆಜ್ಜೆ, ಗಿಟಾರು

ಮೂರನೆಯ ಮರುಬರುವಿಕೆ ಮೈಸೂರಿನಿಂದ ಬಂತು. ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಭರತನಾಟ್ಯ ಕಲಿತವರು, ಸೂಕ್ಷ್ಮಾಣುಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರು. 'ಅಂತರಾಗ್ನಿ' ಎಂಬ ತಂಡ ಕಟ್ಟಿದ್ದರು. ಅದು ಒಡೆಯಿತು. ಆಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಹೊಸ ಹೆಸರಿನಲ್ಲಿ ಎದ್ದರು. ಕಂಪನಿಗಳ ಬಾಗಿಲು ತಟ್ಟಿ, ಕೊನೆಗೆ ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ 2008ರಲ್ಲಿ ಮೊದಲ ಆಲ್ಬಮ್ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫಜ್ಜನ ಗುಡುಗುಡಿ ಇತ್ತು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿತು. 2011ರಲ್ಲಿ ಬ್ರಿಟನ್ನಿನ 'ಸಾಂಗ್‌ಲೈನ್ಸ್' ಪತ್ರಿಕೆ ಹೊಸಬರ ಪ್ರಶಸ್ತಿ ಕೊಟ್ಟಿತು, ಗ್ಲಾಸ್ಟನ್‌ಬರಿಯ ದೊಡ್ಡ ಸಂಗೀತ ಜಾತ್ರೆಗೂ ಹೋಗಿಬಂದರು. 2013ರಲ್ಲಿ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ 'ಲೋಕದ ಕಾಳಜಿ' ಬಂತು.

ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ, ಕೊರಳಿಗೆ ಗಿಟಾರು. ಈ ವೇಷವನ್ನು ಕಂಡು ನಕ್ಕವರಿದ್ದಾರೆ. ಆದರೆ ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ವೇದಿಕೆಯ ಮೇಲಿನವನು ಎತ್ತಿಕೊಡುತ್ತಾನೆ, ಕೆಳಗಿನ ಸಾವಿರ ಜನ ಸೊಲ್ಲು ಹಿಡಿಯುತ್ತಾರೆ. ಇದು ಭಜನಾ ಮೇಳದ ಕಟ್ಟೇ ಅಲ್ಲವೇ? ಭಾವಗೀತೆಯ ಕಾಲದಲ್ಲಿ ಶರೀಫರ ಪದವನ್ನು ಜನ ಕುರ್ಚಿಯಲ್ಲಿ ಕೂತು ಕೇಳಿದರು, ಮುಗಿದ ಮೇಲೆ ಚಪ್ಪಾಳೆ ತಟ್ಟಿದರು. ರಾಕ್ ತಂಡ ಅವರನ್ನು ಮತ್ತೆ ಎಬ್ಬಿಸಿ ನಿಲ್ಲಿಸಿತು, ಬಾಯಿ ತೆರೆಸಿತು, ಹೆಜ್ಜೆ ಹಾಕಿಸಿತು. ಆ ಮಟ್ಟಿಗೆ ಗಿಟಾರು ಹಾರ್ಮೋನಿಯಮ್ಮಿಗಿಂತ ಏಕತಾರಿಗೆ ಹತ್ತಿರ.

ಕಳೆದದ್ದೂ ಇದೆ. ಗುಡುಗುಡಿಯ ಪದದಲ್ಲಿ ಹುಕ್ಕಾ ನೆವ ಮಾತ್ರ. ಒಡಲೊಳಗಿನ ರೋಗವನ್ನು ತಾನೇ ಹುಡುಕಿಕೊಳ್ಳುವುದು ಅದರ ತಿರುಳು. ಆದರೆ ಕಾಲೇಜು ಹುಡುಗರ ಬಾಯಲ್ಲಿ ಅದು ಹೊಗೆ ಎಳೆಯುವ ಮೋಜಿನ ಹಾಡಾಗಿಬಿಟ್ಟದ್ದನ್ನು ನಾವು ಕಂಡಿದ್ದೇವೆ. ಹಳ್ಳಿಯ ಭಜನೆಯಲ್ಲಿ ಪದ ಮುಗಿದ ಮೇಲೆ ಹಿರಿಯನೊಬ್ಬ ಅದರ ಒಳಗುಟ್ಟು ಬಿಡಿಸುತ್ತಿದ್ದ, ಇನ್ನೊಬ್ಬ ಒಪ್ಪದೆ ತಕರಾರು ತೆಗೆಯುತ್ತಿದ್ದ, ಅರ್ಧ ರಾತ್ರಿ ಅದರಲ್ಲೇ ಸರಿಯುತ್ತಿತ್ತು. ಆಲ್ಬಮ್ಮಿನಲ್ಲಿ ಆ ಹಿರಿಯನಿಗೆ ಜಾಗವಿಲ್ಲ. ನುಡಿಸಲು ತಿಳಿಯದವನ ಕೈಗೆ ತಂಬೂರಿ ಏಕೆ ಎಂದು ಶರೀಫರು ತಮ್ಮ ತಂಬೂರಿಯ ಪದದಲ್ಲಿ ಕೇಳಿದ್ದಾರೆ. ಆ ಪ್ರಶ್ನೆ ಗಿಟಾರು ಹಿಡಿದವನಿಗೆ ಎಷ್ಟೋ, ಕೇಳುವ ನಮಗೂ ಅಷ್ಟೇ.

ಗಡಿಯಾಚೆಯ ಒಂದು ಉದಾಹರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. 1990ರಲ್ಲಿ ಲಾಹೋರಿನಲ್ಲಿ ಸಲ್ಮಾನ್ ಅಹ್ಮದ್ ಕಟ್ಟಿದ 'ಜುನೂನ್' ತಂಡವನ್ನು ಸೂಫಿ ರಾಕ್ ಎಂದೇ ಕರೆದರು. 1999ರ 'ಪರ್ವಾಜ್' ಆಲ್ಬಮ್ಮಿನಲ್ಲಿ ಅವರು ಪಂಜಾಬಿನ ಬುಲ್ಲೇ ಶಾಹರ ಪದಗಳನ್ನು ಹಾಡಿದರು. ಸಯ್ಯದ್ ಮನೆತನದ ಬುಲ್ಲೇ ಶಾಹ, ತೋಟಗಾರ ಅರಾಯಿನ್ ಕುಲದ ಶಾಹ ಇನಾಯತರನ್ನು ಗುರುವೆಂದು ಒಪ್ಪಿದ್ದಕ್ಕೆ ಬಂಧುಗಳಿಂದಲೇ ಮಾತು ಕೇಳಬೇಕಾಯಿತು. ಶರೀಫ–ಗೋವಿಂದಭಟ್ಟರ ಕಥೆ ಬಲ್ಲ ನಮಗೆ ಇದು ಪರಿಚಿತವೇ. ಅಣುಪರೀಕ್ಷೆಗಳನ್ನು ಟೀಕಿಸಿದ್ದಕ್ಕೆ 1998ರಲ್ಲಿ ಪಾಕಿಸ್ತಾನದ ಸರಕಾರಿ ರೇಡಿಯೋ, ಟೀವಿಗಳು ಜುನೂನ್ ತಂಡಕ್ಕೆ ಬಾಗಿಲು ಹಾಕಿದವು. 2005ರ ಹೊತ್ತಿಗೆ ತಂಡ ಚದುರಿತು. 2018ರ ಡಿಸೆಂಬರಿನಲ್ಲಿ ಕರಾಚಿಯಲ್ಲಿ ಮೂವರೂ ಮತ್ತೆ ಒಂದೇ ವೇದಿಕೆ ಹತ್ತಿದರು. ಇತ್ತ ದೆಹಲಿಯ 'ಇಂಡಿಯನ್ ಓಷನ್' ತಂಡ 2003ರಲ್ಲಿ ಕಬೀರನ ಪದವನ್ನು ತನ್ನ ಆಲ್ಬಮ್ಮಿಗೆ ತಂದಿತ್ತು. ಲಾಹೋರಿನ ಹುಡುಗರಿಗೆ ಬುಲ್ಲೇ ಶಾಹ, ದೆಹಲಿಯವರಿಗೆ ಕಬೀರ, ಮೈಸೂರಿನವರಿಗೆ ಶರೀಫ. ಇವರೆಲ್ಲ ಹೊಸ ವಾದ್ಯ ಹಿಡಿದು, ಹೇಳಲು ಮಾತು ಹುಡುಕುತ್ತ ಹೋಗಿ, ಒಬ್ಬೊಬ್ಬ ಫಕೀರನ ಮನೆಬಾಗಿಲಲ್ಲಿ ನಿಂತದ್ದು ಆಕಸ್ಮಿಕವಲ್ಲ. ಬೇರೂರಿ ನಿಂತ ಅಧಿಕಾರವನ್ನು, ಒಣಗಿದ ಆಚಾರವನ್ನು ಪ್ರಶ್ನಿಸುವುದು ರಾಕ್ ಸಂಗೀತದ ಹುಟ್ಟುಗುಣ. ಆ ಪ್ರಶ್ನೆಯನ್ನು ದ್ವೇಷವಿಲ್ಲದೆ, ನಗುತ್ತ ಕೇಳುವುದು ಹೇಗೆಂದು ಈ ಫಕೀರರಿಗೆ ಗೊತ್ತಿತ್ತು.

ಮರಳಿ ಬಾರದ ಪದಗಳು

ಮೂರು ಸಲ ಮರಳಿ ಬಂದ ಶರೀಫಜ್ಜ ಮೂರು ಸಲವೂ ಒಂದು ಗಂಟನ್ನು ಊರಲ್ಲೇ ಬಿಟ್ಟು ಬಂದಿದ್ದಾನೆ. ಅದು ಮೊಹರಮ್ಮಿನ ಪದಗಳ ಗಂಟು.

ಶರೀಫರು ಅಲಾವಿ ಪದಗಳನ್ನು, ರಿವಾಯತುಗಳನ್ನು ಬರೆದರೆಂಬುದು ಅವರ ಪದಸಂಗ್ರಹಗಳನ್ನು ತೆರೆದವರಿಗೆಲ್ಲ ಗೊತ್ತು. ಹಿಜರಿ 61ರಲ್ಲಿ, ಅಂದರೆ ಕ್ರಿ.ಶ. 680ರಲ್ಲಿ, ಕರ್ಬಲಾದ ಬಯಲಿನಲ್ಲಿ ಇಮಾಮ್ ಹುಸೇನರು ಹುತಾತ್ಮರಾದ ಕಥೆ ಕನ್ನಡದಲ್ಲಿ, ಅದೂ ನಮ್ಮ ಸೀಮೆಯ ಕನ್ನಡದಲ್ಲಿ ಹಾಡಾಗಿದೆ. ಅರಬಸ್ಥಾನದ ನೀರಡಿಕೆಯನ್ನು ವರದೆ, ತುಂಗಭದ್ರೆಯರ ದಂಡೆಯ ರೈತ ಅರ್ಥಮಾಡಿಕೊಂಡ. ಮಳೆ ಕೈಕೊಟ್ಟ ವರ್ಷ ನೀರಿಲ್ಲದ ಮಕ್ಕಳ ಸಂಕಟ ಅವನಿಗೆ ಹೊಸದಲ್ಲ. ಉರ್ದುವಿನ ಮರ್ಸಿಯಾಗಳನ್ನು ಶಾಲೆಯಲ್ಲಿ ಓದಿದ ನಮಗೆ ಅನೀಸರೂ ದಬೀರರೂ ದೊಡ್ಡ ಕವಿಗಳು ಎಂದು ಗೊತ್ತು. ಲಖನೌದ ಆ ಇಬ್ಬರ ಕಾಲದಲ್ಲೇ ಇತ್ತ ಶಿಶುವಿನಹಾಳದಲ್ಲಿ ಒಬ್ಬ ಶಾಲಾ ಮಾಸ್ತರ ಅದೇ ಕಥೆಗೆ ಕನ್ನಡದ ಬಾಯಿ ಕೊಡುತ್ತಿದ್ದ ಎಂದು ಮಾತ್ರ ನಮಗೆ ಯಾವ ಪಾಠದಲ್ಲೂ ಬರಲಿಲ್ಲ. ಕನ್ನಡ ಪಾಠದಲ್ಲಿ ಶರೀಫರಿದ್ದರು, ಕರ್ಬಲಾ ಇರಲಿಲ್ಲ. ಉರ್ದು ಪಾಠದಲ್ಲಿ ಕರ್ಬಲಾ ಇತ್ತು, ಶರೀಫರಿರಲಿಲ್ಲ.

ಆ ಪದಗಳು ಯಾವ ಕ್ಯಾಸೆಟ್ಟಿಗೂ ಹಿಡಿಸುವಂಥವಲ್ಲ. ಅಲಾಯಿ ಕುಣಿಯ ಸುತ್ತ, ಹಲಗೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತ, ರಾತ್ರಿಯೆಲ್ಲ ಹಾಡುವ ಪದಗಳು ಅವು. ಎರಡು ಮೇಳಗಳು ಎದುರುಬದುರು ನಿಂತು ಸವಾಲು–ಜವಾಬು ನಡೆಸುತ್ತವೆ. ಒಂದು ಮೇಳ ಕಥೆಯ ಗಂಟು ಹಾಕುತ್ತದೆ, ಇನ್ನೊಂದು ಬಿಡಿಸುತ್ತದೆ. ಹಾಡುವವರಲ್ಲಿ ಮುಸಲ್ಮಾನರಿಗಿಂತ ಲಿಂಗಾಯತ, ಕುರುಬ, ಬೇಡ, ದಲಿತ ಹುಡುಗರೇ ಹೆಚ್ಚಿರುವ ಊರುಗಳಿವೆ. ಒಂದೂ ಮುಸಲ್ಮಾನರ ಮನೆಯಿಲ್ಲದ ಹಳ್ಳಿಗಳೂ ಪಂಜಾ ಕೂಡಿಸಿ, ಚೊಂಗೆ ಮಾಡಿ ಮೊಹರಮ್ ಆಚರಿಸುವುದು ಉತ್ತರ ಕರ್ನಾಟಕದಲ್ಲಿ ಹೊಸ ಸುದ್ದಿಯಲ್ಲ. ರಹಮತ್ ತರೀಕೆರೆಯವರು ಈ ಲೋಕವನ್ನು ಊರೂರು ತಿರುಗಿ ನೋಡಿ 'ಕರ್ನಾಟಕದ ಮೊಹರಂ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಶರೀಫರು ಬರೆದದ್ದು ಈ ಬಳಗಕ್ಕಾಗಿ.

ಇದೇಕೆ ಮರಳಿ ಬರಲಿಲ್ಲ? ನಾವು ಪ್ರಾಮಾಣಿಕವಾಗಿ ನೋಡಿದರೆ ಎರಡು ಕಡೆಯ ಮುಜುಗರ ಕಾಣುತ್ತದೆ. ಒಂದು ಕಡೆ ಶರೀಫರನ್ನು 'ಭಾವೈಕ್ಯದ ಸಂತ' ಎಂದು ಹೊಗಳುವವರಿಗೆ ಅವರು ಗುರುವಿನ ಮುಂದೆ ಮಂಡಿಯೂರಿದ ಶಿಷ್ಯನಾಗಿ ಇರುವಷ್ಟು ಒಪ್ಪುತ್ತದೆ. ಅದೇ ಶರೀಫ ಅಲಾಯಿ ಕುಣಿಯ ಬಳಿ ನಿಂತು ಹಸನ್–ಹುಸೇನರನ್ನು ಹಾಡಿದರೆ ಆ ಭಾವೈಕ್ಯದ ಚಿತ್ರದಲ್ಲಿ ಕೂಡುವುದಿಲ್ಲ. ಇನ್ನೊಂದು ಕಡೆ ನಮ್ಮ ಸಮುದಾಯದಲ್ಲೇ ಪಂಜಾ, ಡೋಲಿ, ಹೆಜ್ಜೆ ಕುಣಿತಗಳು ಧರ್ಮಕ್ಕೆ ಒಪ್ಪುವಂಥವಲ್ಲ ಎಂಬ ತಿಳುವಳಿಕೆ ಬೆಳೆದಿದೆ. ಅದರ ಹಿಂದಿನ ಶ್ರದ್ಧೆಯನ್ನು ನಾವು ಹಗುರಾಗಿ ಕಾಣುವುದಿಲ್ಲ. ಆಚರಿಸುವುದು ಬಿಡುವುದು ಅವರವರ ನಂಬಿಕೆಗೆ ಬಿಟ್ಟದ್ದು. ಆದರೆ ಒಂದು ಆಚರಣೆಯನ್ನು ಬಿಡುವುದು ಬೇರೆ, ಅದರ ಜೊತೆ ನೂರೈವತ್ತು ವರ್ಷದ ಕಾವ್ಯವನ್ನೂ ಕುಣಿಯಲ್ಲಿ ಹೂಳುವುದು ಬೇರೆ. ಹುಸೇನರ ಕಥೆಯನ್ನು ಕನ್ನಡದಲ್ಲಿ ಹೇಳಿದ ಕವಿ ನಮಗೆ ಬೇಡವಾದರೆ, ಕನ್ನಡದಲ್ಲಿ ನಮಗೇನಿದೆ ಎಂದು ಕೇಳುವ ಹಕ್ಕು ನಮಗೆಲ್ಲಿಂದ ಬರಬೇಕು?

ಈ ಮಾತಿಗೆ 2023ರ ಜನವರಿಯ ಒಂದು ಪ್ರಸಂಗ ಹೊಂದಿಕೊಂಡಿದೆ. ಆ ತಿಂಗಳ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ನಡೆಯಿತು. ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞ ಮೂವರ ಹೆಸರಿಟ್ಟಿದ್ದರು. ಮೂವರೂ ಈ ಜಿಲ್ಲೆಯವರು, ಒಳ್ಳೆಯ ಆಯ್ಕೆ. ಆದರೆ ಅದೇ ಸಮ್ಮೇಳನದ ಆಹ್ವಾನ ಪತ್ರಿಕೆಯಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಜಾಗ ಸಿಕ್ಕಿಲ್ಲ ಎಂಬ ದೂರು ಎದ್ದಿತು. ಪರಿಷತ್ತು ಆ ದೂರನ್ನು ಒಪ್ಪಲಿಲ್ಲ. ಜನವರಿ 8ರಂದು ಬೆಂಗಳೂರಿನಲ್ಲಿ ಅನೇಕ ಧರ್ಮ, ಜಾತಿಗಳ ಲೇಖಕರು ಸೇರಿ ಪ್ರತಿರೋಧವಾಗಿ ಜನ ಸಾಹಿತ್ಯ ಸಮ್ಮೇಳನ ನಡೆಸಿದರು. ಯಾರು ಸರಿ, ಯಾರು ತಪ್ಪು ಎಂಬ ಲೆಕ್ಕಕ್ಕೆ ನಾವು ಇಲ್ಲಿ ಇಳಿಯುವುದಿಲ್ಲ. ವೇದಿಕೆಗೆ ಹೆಸರಾಗಿ ಶರೀಫ ಸಲ್ಲುತ್ತಾನೆ, ವೇದಿಕೆಯ ಮೇಲೆ ಅವನ ಮೊಮ್ಮಕ್ಕಳು ಎಷ್ಟು ಜನ ಎಂದು ಎಣಿಸಬೇಕಾಗಿ ಬಂದದ್ದೇ ಬೇಸರದ ಸಂಗತಿ. ಹೆಸರಿಗಷ್ಟೇ ಮರಳಿ ಬಂದರೆ ಅದು ಮರುಬರುವಿಕೆಯಲ್ಲ, ಮೂರ್ತಿಯಾಗಿ ನಿಲ್ಲುವುದು ಅಷ್ಟೇ.

ಇನ್ನು ಮಾಡಬೇಕಾದದ್ದು

ಗೊಟಗೋಡಿಯಲ್ಲಿ 2011ರಿಂದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿದೆ. ಶಿಶುವಿನಹಾಳ ಅಲ್ಲಿಂದ ದೂರವಲ್ಲ. ಹಾವೇರಿ, ಬ್ಯಾಡಗಿ, ರಾಣೇಬ್ನೂರು ತಾಲ್ಲೂಕುಗಳ ಹಳ್ಳಿಗಳಲ್ಲಿ ಶರೀಫರ ಅಲಾವಿ ಪದಗಳನ್ನು ಬಾಯಲ್ಲಿ ಇಟ್ಟುಕೊಂಡವರು ಇನ್ನೂ ಇದ್ದಾರೆ, ಬಹುಪಾಲು ವಯಸ್ಸಾದವರು. ಅವರ ಮಕ್ಕಳು ಹುಬ್ಬಳ್ಳಿಗೆ, ದಾವಣಗೆರೆಗೆ, ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಮೊಹರಮ್ಮಿಗೆ ಊರಿಗೆ ಬಂದರೂ ಕೈಯಲ್ಲಿ ಫೋನು ಹಿಡಿದು ಕುಣಿತದ ಚಿತ್ರ ತೆಗೆಯುತ್ತಾರೆ, ಪದ ಕಲಿಯುವುದಿಲ್ಲ. ಅದೇ ಫೋನನ್ನು ಹಿರಿಯನ ಮುಂದಿಟ್ಟು, ಒಂದು ರಾತ್ರಿ ಅವನು ಹಾಡುವಷ್ಟನ್ನೂ ಹಾಡಿಸಿ ಹಿಡಿದಿಟ್ಟರೆ ಅರ್ಧ ಕೆಲಸ ಆದಂತೆ. ಕ್ಯಾಸೆಟ್ಟಿಗೆ ಅರ್ಧ ತಾಸಿನ ಮಿತಿಯಿತ್ತು. ಇಂದಿನ ಯಂತ್ರಕ್ಕೆ ಆ ಮಿತಿಯಿಲ್ಲ. ಹಾಡನ್ನು ಕತ್ತರಿಸಲು ಇನ್ನು ಯಂತ್ರವನ್ನು ನೆವ ಮಾಡಲಾಗದು.

ಉಳಿದರ್ಧ ಕೆಲಸ ಲೆಕ್ಕದ್ದು. ಹಾಡಿದವನ ಹೆಸರು, ಊರು, ಅವನಿಗೆ ಕಲಿಸಿದವನ ಹೆಸರು ಬರೆದಿಡಬೇಕು. ಆಲ್ಬಮ್ ಮಾಡುವವರು ನಾಳೆ ಆ ಧಾಟಿಯನ್ನು ತೆಗೆದುಕೊಂಡರೆ ಹೆಸರು ಹೇಳಬೇಕು, ಬರುವ ಹಣದಲ್ಲಿ ಪಾಲು ಕೊಡಬೇಕು. ಶರೀಫರ ಪದಕ್ಕೆ ಹಕ್ಕುಸ್ವಾಮ್ಯವಿಲ್ಲ, ಅದು ಎಲ್ಲರದು. ಆದರೆ ನೂರೈವತ್ತು ವರ್ಷ ಅದನ್ನು ಹಸಿದ ಹೊಟ್ಟೆಯಲ್ಲಿ ಕಾಪಾಡಿದವರು ಯಾರದೋ ಅಪ್ಪ, ಯಾರದೋ ಅಜ್ಜ. 'ಎಲ್ಲರದು' ಎಂಬ ಮಾತು ಅವರನ್ನು 'ಯಾರೂ ಅಲ್ಲ' ಮಾಡಬಾರದು.

ಇದಾದ ಮೇಲೆ ಯಾವುದಾದರೂ ಊರಿನ ಹುಡುಗ ಹುಡುಗಿಯರು ಗಿಟಾರು ಹಿಡಿದು, ಹಲಗೆಯವನನ್ನೂ ಜೊತೆಗೆ ಕೂಡಿಸಿಕೊಂಡು, ಶರೀಫರ ರಿವಾಯತನ್ನು ಇಡಿಯಾಗಿ ಹಾಡಿದರೆ ನಾವು ಟಿಕೇಟು ಕೊಂಡು ಮೊದಲ ಸಾಲಿನಲ್ಲಿ ಕೂರುತ್ತೇವೆ. ಅವರು ಎಬ್ಬಿಸಿದರೆ ಎದ್ದು ಸೊಲ್ಲನ್ನೂ ಹಿಡಿಯುತ್ತೇವೆ.